ಇನ್ನೊಬ್ಬರು ಹೇಳಿದ ನೋವು

ಮೂರು ಹಲ್ಲು ಕೀಳಿಸಿಕೊಂಡ ಮೇಲೂ ಸೊಸೆಯ ಎಡಗೆನ್ನೆಯ ನೋವು ಹೋಗಲಿಲ್ಲ. ಹೋದದ್ದು ಹಲ್ಲು ಮಾತ್ರ.

ಎರಡು ವರ್ಷದಿಂದ ಆ ಮನೆಯಲ್ಲಿ ಊಟದ ಹೊತ್ತೆಂದರೆ ಎಲ್ಲರಿಗೂ ಒಳಗೊಳಗೇ ಪುಕಪುಕ. ಸೊಸೆ ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಕೂರುತ್ತಿದ್ದಳು. ಚಮಚವನ್ನು ಬಾಯಿಯ ಹತ್ತಿರ ತಂದು ಅಲ್ಲೇ ನಿಲ್ಲಿಸುತ್ತಿದ್ದಳು. ಕೆಲವು ದಿನ ಗಂಜಿ ಸುಮ್ಮನೆ ಒಳಗೆ ಇಳಿಯುತ್ತಿತ್ತು. ಕೆಲವು ದಿನ ಮೊದಲ ಗುಟುಕಿಗೇ ಮುಖ ಒಂದು ಕಡೆಗೆ ಸೆಳೆದು, ಕಣ್ಣಲ್ಲಿ ನೀರು ಕಿತ್ತುಕೊಂಡು ಬಂದು, ಚಮಚ ಬಟ್ಟಲಿಗೆ ಬಿದ್ದು ಠಣ್ ಎನ್ನುತ್ತಿತ್ತು. ಒಂದು ನಿಮಿಷ ಕೂಡ ಇಲ್ಲ, ಅಷ್ಟರಲ್ಲಿ ಮುಗಿದಿರುತ್ತಿತ್ತು. ಆಮೇಲೆ ಅವಳು ಕಣ್ಣೊರೆಸಿಕೊಂಡು ಎದ್ದು, ಏನೂ ಆಗಲಿಲ್ಲವೆಂಬಂತೆ ಎಲ್ಲರ ತಟ್ಟೆ ಎತ್ತುತ್ತಿದ್ದಳು.

ಅಜ್ಜಿಗೆ ಅನುಮಾನ ಹುಟ್ಟಿಸಿದ್ದೇ ಅದು.

"ನೋವು ಅಂದ್ರೆ ಬಂದ ಮೇಲೆ ಇರಬೇಕು ಕಣೆ. ಇದೇನು, ಕರೆಂಟು ಹೋಗಿ ಬಂದ ಹಾಗೆ?" ಎಂದು ಮೊಮ್ಮಗಳ ಕಿವಿಯಲ್ಲಿ ಹೇಳುತ್ತಿದ್ದಳು. ಕಿವಿಯಲ್ಲಿ ಅನ್ನುವುದು ನೆಪಕ್ಕೆ. ಅಡುಗೆಮನೆಯಲ್ಲಿದ್ದ ಸೊಸೆಗೆ ಕೇಳಿಸಲೆಂದೇ ಹೇಳುವ ಮಾತು.

ಅಜ್ಜಿ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಗುಂಡಿ ತೂರುವ ಕಾಜಾ ಹೊಲಿದವಳು. ಸೂಜಿ ಬೆರಳಿಗೆ ಹೊಕ್ಕು ಮುರಿದ ದಿನವೂ ಸಂಜೆಯ ಗಂಟೆ ಹೊಡೆಯುವ ತನಕ ಮಿಷನ್ನು ಬಿಟ್ಟು ಎದ್ದಿರಲಿಲ್ಲ. ಆ ಕಥೆಯನ್ನು ಅವಳು ಸೊಸೆಗೆ ಎಷ್ಟು ಸಲ ಹೇಳಿದ್ದಳೆಂದರೆ, ಮೊಮ್ಮಗಳು "ಅಜ್ಜಿ, ಆ ಸೂಜಿ ಇವತ್ತು ಯಾವ ಬೆರಳಲ್ಲಿತ್ತು?" ಎಂದು ಕೇಳುತ್ತಿದ್ದಳು.

ಸೊಸೆಯದು ಬಸ್ ನಿಲ್ದಾಣದಲ್ಲಿ ಕೆಲಸ. ಯಾವ ಬಸ್ಸು ಎಷ್ಟನೇ ಅಂಕಣದಿಂದ ಹೊರಡುತ್ತದೆ, ಯಾವುದು ತಡ, ಯಾವುದು ರದ್ದು ಎಂದು ಗಾಜಿನ ಗೂಡಿನಲ್ಲಿ ಕೂತು ಮೈಕಿನಲ್ಲಿ ಹೇಳುವವಳು. ಹದಿನಾರು ವರ್ಷದಿಂದ ಅವಳ ದನಿ ಕೇಳದೆ ಅಲ್ಲಿ ಬಸ್ಸು ಹತ್ತಿದವರಿಲ್ಲ, ಮುಖ ಕಂಡವರು ಮಾತ್ರ ಕಮ್ಮಿ. ಈಗ ಅದೇ ದನಿ ಅರ್ಧ ವಾಕ್ಯದಲ್ಲಿ ನಿಂತುಹೋಗತೊಡಗಿತ್ತು. ಒಂದು ಬೆಳಗ್ಗೆ "ಆರನೇ ಅಂಕಣದಿಂದ" ಎಂದವಳು ಮುಂದೆ ಏನೂ ಹೇಳಲಾಗದೆ ಕೆನ್ನೆ ಹಿಡಿದು ಕೂತಳು. ಜನ ಆರನೆಯದಕ್ಕೆ ಓಡಿದರು. ಎಲ್ಲಿಗೆ ಹೋಗುವ ಬಸ್ಸೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಅರ್ಧ ಜನ ತಪ್ಪು ಬಸ್ಸು ಹತ್ತಿ ಗಲಾಟೆಯಾಯಿತು.

ಮೇಲ್ವಿಚಾರಕ ಅವಳನ್ನು ಕರೆಸಿದ. "ತಿಂಗಳ ಕೊನೆಯವರೆಗೆ ನೋಡ್ತೀನಿ. ನಿಮ್ಮ ಕಾಯಿಲೆಗೆ ಒಂದು ಹೆಸರು ಬರೆಸ್ಕೊಂಡು ಬನ್ನಿ. ಹೆಸರಿದ್ರೆ ಕಳೆದುಹೋದ ಸಾಮಾನಿನ ಕೋಣೆಗೆ ಹಾಕಬಹುದು, ಅಲ್ಲಿ ಹೆಚ್ಚು ಮಾತಾಡೋ ಕೆಲಸ ಇಲ್ಲ. ಹೆಸರಿಲ್ಲದ ಕಾಯಿಲೆಗೆ ನಾನೇನು ಮಾಡ್ಲಿ? ಮನೆಗೆ ಕಳಿಸಬೇಕಾಗತ್ತೆ."

ಆಸ್ಪತ್ರೆಯವರು ಕೊಟ್ಟ ಒಂದು ಪುಟದ ಸಾರಾಂಶವನ್ನು ಸೊಸೆ ಮರುದಿನವೇ ಒಯ್ದು ಕೊಟ್ಟಳು. ಅವನು ಓದಿ ಹಿಂದಕ್ಕೆ ತಳ್ಳಿದ.

"ಇದರಲ್ಲಿ 'ಮಾನಸಿಕ ಕಾರಣ ಇರಬಹುದು' ಅಂತಿದೆಯಲ್ಲಮ್ಮ. ಮನಸ್ಸಿಗೆ ಬೇಜಾರು ಎಲ್ಲರಿಗೂ ಇದೆ. ನಂಗಿಲ್ವಾ?"

ಆ ಸಂಜೆ ಅವಳು ಬಂದವಳೇ ಆ ಹಾಳೆಯನ್ನು ಊಟದ ಮೇಜಿನ ಮೇಲಿಟ್ಟು, ಬಟ್ಟೆ ಒಗೆಯಲು ಹೋದಳು. ಮೊಮ್ಮಗಳು ಅದನ್ನೆತ್ತಿ ಓದಿದಳು. ಅವಳು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ದಿನಕ್ಕೆ ನೂರಾರು ಜನರ ಕಾಗದ ಕೈಯಲ್ಲಿ ಆಡಿಸುವವಳಿಗೆ ಸರ್ಕಾರಿ ಮುದ್ರೆ, ಡಾಕ್ಟರ ಗೀಚು ಯಾವುದೂ ಹೆದರಿಕೆ ಹುಟ್ಟಿಸುತ್ತಿರಲಿಲ್ಲ.

"ಇದು ಸಾರಾಂಶ. ಎರಡು ವರ್ಷದ ಪೂರ್ತಿ ಕಡತ ಒಳಗಿರತ್ತೆ. ಅರ್ಜಿ ಕೊಟ್ರೆ ನಕಲು ಕೊಡ್ತಾರೆ. ಈ 'ಮಾನಸಿಕ' ಎಲ್ಲಿಂದ ಹುಟ್ಟಿತು ಅಂತ ನೋಡೇಬಿಡೋಣ."

"ಅಯ್ಯೋ, ಡಾಕ್ಟರಿಗೆ ಬೇಜಾರಾಗತ್ತೆ," ಎಂದ ಅಜ್ಜಿಯ ಮಗ, ಸೊಸೆಯ ಗಂಡ. ಅವನು ಪಾರ್ಸೆಲ್ ಕಚೇರಿಯ ಕೌಂಟರಿನಲ್ಲಿ ಕೂರುವವನು. ಎದುರಿಗೆ ಯಾವಾಗಲೂ ಉದ್ದನೆಯ ಸಾಲು. ಮಾತನ್ನು ಚುಟುಕಾಗಿ ಮುಗಿಸುವವರೇ ಒಳ್ಳೆಯ ಜನ, ಕಥೆ ಹೇಳಿ ಬೇರೆಯವರ ಹೊತ್ತು ತಿನ್ನುವವರು ಕೆಟ್ಟವರು ಎಂಬುದು ಅವನು ಆ ಕುರ್ಚಿಯಲ್ಲಿ ಕಲಿತ ಪಾಠ. ಟೆಲಿಗ್ರಾಮಿನಂತೆ ಎರಡೇ ಪದದಲ್ಲಿ ಮಾತಾಡುವ ಅವನಿಗೆ ಮಗಳು 'ತಂತಿ ಅಪ್ಪ' ಎಂದೇ ಹೆಸರಿಟ್ಟಿದ್ದಳು.

"ಬೇಜಾರಾಗ್ಲಿ ಬಿಡಿ. ಅಮ್ಮನಿಗೆ ಆಗಿರೋದು ಸಾಲದಾ?"

ಹೀಗೆ ಒಂದು ಬುಧವಾರ ಸೊಸೆ, ಮೊಮ್ಮಗಳು, ಅಜ್ಜಿ ಮೂವರೂ ಆಸ್ಪತ್ರೆಯ ಕಡತದ ಕೋಣೆಗೆ ಹೋದರು. ಅಜ್ಜಿಯನ್ನು ಯಾರೂ ಕರೆದಿರಲಿಲ್ಲ. ಅವಳೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಕೋಣೆಯ ತುಂಬ ನೆಲದಿಂದ ಸೂರಿನ ತನಕ ಹಗ್ಗ ಬಿಗಿದ ಕಟ್ಟುಗಳು, ನಡುವೆ ಒಬ್ಬ ದಪ್ಪ ಕನ್ನಡಕದ ಹೆಂಗಸು, ಅವಳ ಮೇಜಿನ ಮೇಲೆ ಅತ್ತಿತ್ತ ತಿರುಗುವ ಫ್ಯಾನು. ಸೊಸೆ ಒಳಗೆ ಬಂದವಳು ಶಾಲನ್ನು ಕೆನ್ನೆಗೆ ಅವುಚಿಕೊಂಡಳು. ಆ ಹೆಂಗಸು ಅರ್ಜಿ ಓದುತ್ತಲೇ ಒಂದು ಕೈ ಚಾಚಿ ಫ್ಯಾನಿನ ಮುಖವನ್ನು ಗೋಡೆಗೆ ತಿರುಗಿಸಿದಳು. ಸೆಕೆಯಲ್ಲಿ ತನ್ನ ಕುತ್ತಿಗೆ ಒರೆಸಿಕೊಂಡು ಕಟ್ಟು ಹುಡುಕಲು ಎದ್ದಳು.

ಅಜ್ಜಿ ಇದನ್ನು ನೋಡಿದಳು. ಮನೆಯಲ್ಲಿ ಎರಡು ಬೇಸಿಗೆ ಸೊಸೆ ಫ್ಯಾನು ಆರಿಸುವುದೂ ತಾನು "ನಮ್ಮನ್ನೆಲ್ಲ ಬೇಯಿಸಿ ಹಾಕ್ತೀಯಾ?" ಎಂದು ಮತ್ತೆ ಹಾಕುವುದೂ ನಡೆದಿತ್ತು. ಅವಳ ಮುಖ ಸಣ್ಣಗಾಯಿತು. ಆದರೆ ಅದನ್ನು ಯಾರಿಗೂ ತೋರಗೊಡಲಿಲ್ಲ.

ಸಂಜೆ ಅನ್ನ, ಬೇಯಿಸಿದ ಆಲೂಗಡ್ಡೆ, ಸೊಸೆಗೆ ತಣ್ಣಗಾದ ಗಂಜಿ. ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಮೊಮ್ಮಗಳು ನಕಲನ್ನು ಹರವಿಕೊಂಡಳು.

"ಮೊದಲ ಸಲ. 'ಎಡಗಡೆ ಮೇಲಿನ ಹಲ್ಲು, ಸ್ವಲ್ಪ ನೋವು. ತಿಳಿಸಿದವರು, ಪತಿ.' ಎರಡನೇ ಸಲ. 'ಹಲ್ಲು ತೆಗೆಯಲಾಗಿದೆ, ಈಗ ಪರವಾಗಿಲ್ಲ. ತಿಳಿಸಿದವರು, ಪತಿ.'"

"ಆಗ ಬಾಯಿ ತುಂಬ ಹತ್ತಿ ತುರುಕಿತ್ತು," ಎಂದಳು ಸೊಸೆ. "ನಾನು ತಲೆ ಅಲ್ಲಾಡಿಸಿದೆ, ಇಲ್ಲ ಅಂತ."

"'ಪಕ್ಕದ ಹಲ್ಲಿಗೂ ಸ್ವಲ್ಪ ನೋವು ಹಬ್ಬಿದೆ. ತಿಳಿಸಿದವರು, ಪತಿ.' ಅದನ್ನೂ ಕಿತ್ತಿದ್ದಾರೆ. 'ಇನ್ನೂ ಸ್ವಲ್ಪ ಇದೆ. ಪತಿ.' ಕಿತ್ತಿದ್ದಾರೆ. ಅಪ್ಪ, ನಿಮ್ಮ ಒಂದೊಂದು 'ಸ್ವಲ್ಪ'ಕ್ಕೂ ಅಮ್ಮನ ಒಂದೊಂದು ಹಲ್ಲು ಹೋಗಿದೆ."

ಮಗ ತುತ್ತು ಕೈಯಲ್ಲೇ ಹಿಡಿದು ಕೂತ. "ಅವಳಿಗೆ ಮಾತಾಡಿದ್ರೆ ನೋವು ಬರತ್ತಲ್ಲ. ಪಾಪ, ಕಷ್ಟ ಆಗಬಾರದು ಅಂತ ನಾನೇ ಹೇಳಿದೆ."

"ಸರಿ. ಮಾತಾಡಿದ್ರೆ ನೋವು ಬರತ್ತೆ ಅನ್ನೋದನ್ನಾದ್ರೂ ಹೇಳಿದ್ರಾ?"

ಅವನು ತುತ್ತನ್ನು ತಟ್ಟೆಗೆ ಹಾಕಿದ. ಹೇಳಿರಲಿಲ್ಲ. ಹೆಂಡತಿಯ ಪರವಾಗಿ ತಾನು ಮಾತಾಡಬೇಕಾಗಿ ಬಂದ ಕಾರಣವೇ ಡಾಕ್ಟರು ಕೇಳಬೇಕಾಗಿದ್ದ ಸಂಗತಿ ಎಂದು ಅವನಿಗೆ ಹೊಳೆದೇ ಇರಲಿಲ್ಲ.

"ಮುಂದೆ ಓದೇ," ಎಂದಳು ಅಜ್ಜಿ. ಮಗನನ್ನು ಇಷ್ಟು ಹಣಿದದ್ದು ಸಾಕೆನಿಸಿ, ಮಾತು ತಿರುಗಿಸಲು ಹೇಳಿದ್ದು.

ಮೊಮ್ಮಗಳು ಮುಂದಿನ ಹಾಳೆ ತೆಗೆದವಳು ಓದದೆ ಕೂತಳು.

"ಏನಾಯ್ತು? ನಾಲಿಗೆ ಬಿದ್ದುಹೋಯ್ತಾ?"

"'ನೋವು ಊಟದ ಹೊತ್ತಿಗೇ ಬರುತ್ತದೆ,'" ಎಂದು ಮೊಮ್ಮಗಳು ನಿಧಾನವಾಗಿ ಓದಿದಳು. "'ಕೂಡಲೇ ಹೋಗುತ್ತದೆ. ಮನೆಕೆಲಸ ಇದ್ದಾಗ ಜಾಸ್ತಿ. ಯೋಚನೆ ಮಾಡುವ ಸ್ವಭಾವ. ತಿಳಿಸಿದವರು, ಅತ್ತೆ.' ಅದರ ಕೆಳಗೆ, 'ಮಾನಸಿಕ ಕಾರಣ ಇರಬಹುದು. ನಿದ್ದೆಯ ಮಾತ್ರೆ.'"

ಅಜ್ಜಿಗೆ ಆ ದಿನ ಚೆನ್ನಾಗಿಯೇ ನೆನಪಿತ್ತು. ಮಗನಿಗೆ ರಜೆ ಸಿಗದೆ ತಾನು ಜೊತೆಗೆ ಹೋಗಿದ್ದಳು. ಆ ಡಾಕ್ಟರು ಸೊಸೆಯನ್ನು ಬಿಟ್ಟು ತನ್ನ ಕಡೆ ತಿರುಗಿ, "ನೀವು ಹೇಳಿ ಅಮ್ಮ, ಮನೆಯ ಹಿರಿಯರು ನೀವು, ನಿಮಗೆ ತಿಳಿಯದ್ದೇನಿದೆ?" ಎಂದಿದ್ದರು. ಅಷ್ಟು ಓದಿದವರು ತನ್ನನ್ನು ಒಂದು ಮಾತು ಕೇಳಿದ್ದು ಬದುಕಿನಲ್ಲಿ ಅದೇ ಮೊದಲು. ಅವಳು ಉಬ್ಬಿಹೋಗಿ, ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಮಾತಾಡಿದ್ದಳು.

"ಇದರಲ್ಲಿ ನಾನು ಹೇಳಿದ್ದು ಎಲ್ಲಿದೆ?" ಎಂದಳು ಸೊಸೆ.

ಮೊಮ್ಮಗಳು ಮೊದಲಿನಿಂದ ಕೊನೆಯ ತನಕ ಮತ್ತೊಮ್ಮೆ ಹಾಳೆ ತಿರುವಿದಳು. "ಇಲ್ಲಮ್ಮ. ಒಂದು ಸಾಲೂ ಇಲ್ಲ."

ಸೊಸೆ ಎದ್ದು ಅಂಗಳದ ತಂತಿಯ ಮೇಲಿನ ಬಟ್ಟೆ ತೆಗೆಯಲು ಹೋದಳು. ಅವು ಇನ್ನೂ ಒದ್ದೆಯಿದ್ದವು.

ಹಲ್ಲಿನದಲ್ಲದಿದ್ದರೆ ನರದ್ದೇ ಇರಬೇಕೆಂದು ಮೊಮ್ಮಗಳು ವಿಚಾರಿಸಿದಾಗ, ನರರೋಗದ ಡಾಕ್ಟರು ಸಿಗುವುದು ಎರಡು ತಿಂಗಳ ಮೇಲೆ ಎಂದು ಆಸ್ಪತ್ರೆಯವರು ಹೇಳಿದರು. ತಿಂಗಳ ಕೊನೆಗೆ ಉಳಿದಿದ್ದದ್ದು ಹದಿನೈದು ದಿನ. ಮೊಮ್ಮಗಳು ಅಂಗಡಿಯ ಊಟದ ಬಿಡುವಿನಲ್ಲಿ ದಿನಾ ಅಲ್ಲಿಗೆ ಹೋಗಿ ನಿಲ್ಲತೊಡಗಿದಳು. ಆರನೇ ದಿನ ಕಡತದ ಕೋಣೆಯ ಹೆಂಗಸು ತಾನಾಗಿ ಅವಳನ್ನು ಕರೆದು, "ಮುಂದಿನ ಮಂಗಳವಾರ ಒಬ್ಬರು ಬರ್ತಿಲ್ಲವಂತೆ. ನಿಮ್ಮಮ್ಮನ ಹೆಸರು ಹಾಕಿಸಿದೀನಿ, ಹತ್ತು ಗಂಟೆಗೆ ಕರ್ಕೊಂಡು ಬಾ," ಎಂದಳು. ಯಾಕೆ ಇಷ್ಟು ಮಾಡಿದಿರಿ ಎಂದು ಕೇಳಿದ್ದಕ್ಕೆ, "ಕಡತ ಹುಡುಕಿದವಳು ನಾನೇ ಅಲ್ವಾ? ಓದಿದೆ," ಎಂದಳಂತೆ.

ಈ ನಡುವೆ ಮನೆಯಲ್ಲಿ ಮಾತು ಕಮ್ಮಿಯಾಗಿತ್ತು. ಅಜ್ಜಿ ಪಾತ್ರೆ ತಿಕ್ಕುವುದನ್ನು ತನ್ನ ಪಾಲಿಗೆ ತೆಗೆದುಕೊಂಡಳು. ಹಾಗೆಂದು ಯಾರಿಗೂ ಹೇಳಲಿಲ್ಲ, ಸೊಸೆ ಏಳುವ ಮೊದಲೇ ತೊಟ್ಟಿಯ ಮುಂದೆ ನಿಂತಿರುತ್ತಿದ್ದಳು. ಊಟದ ಹೊತ್ತಿನಲ್ಲಿ ಎದುರಿಗೆ ಕೂತು ಮೊದಲ ಬಾರಿಗೆ ಸೊಸೆಯ ಮುಖವನ್ನು ಸರಿಯಾಗಿ ನೋಡಿದಳು. ನೋವು ಬರುವ ಮುಂಚೆ ಎಡಗಣ್ಣಿನ ಕೆಳಗೆ ಒಂದು ಎಳೆಯಷ್ಟು ಚರ್ಮ ಅದುರುತ್ತಿತ್ತು. ಬೆಳಗ್ಗೆ ಹಲ್ಲುಜ್ಜುವ ಹೊತ್ತಿಗೆ ಬಚ್ಚಲಿನಲ್ಲಿ ನಲ್ಲಿ ಜೋರಾಗಿ ಹರಿಯುತ್ತಿದ್ದುದು ನೀರು ದಂಡ ಮಾಡುವುದಕ್ಕಲ್ಲ, ಒಳಗಿನ ನರಳಿಕೆ ಹೊರಗೆ ಕೇಳಬಾರದೆಂದು. ಅದಕ್ಕೂ ಅಜ್ಜಿ ಬೈದಿದ್ದಳು.

ಮಂಗಳವಾರ ನಾಲ್ವರೂ ಹೋದರು. ಡಾಕ್ಟರು ನಡುವಯಸ್ಸಿನ ಹೆಂಗಸು, ಕಣ್ಣ ಸುತ್ತ ನಿದ್ದೆಗೆಟ್ಟ ಕಪ್ಪು. "ಏನು ತೊಂದರೆ?" ಎಂದರು.

"ಹಲ್ಲಿನ ಹತ್ರ..." ಎಂದು ಮಗ ಶುರುಮಾಡಿದ. ರೂಢಿ, ಏನು ಮಾಡುವುದು? ಅಜ್ಜಿ ಅವನ ತೋಳನ್ನು ಉಗುರು ನಾಟುವಂತೆ ಹಿಡಿದಳು.

"ಸುಮ್ನಿರೋ. ಕೇಳಿದ್ದು ನಿನ್ನನ್ನಲ್ಲ."

ಸೊಸೆ ಹೇಳಿದಳು. ಬಹಳ ಹೊತ್ತು ಹಿಡಿಯಿತು. ಎರಡು ಮಾತು ಹೇಳುವಳು, ನಿಲ್ಲುವಳು, ಕೆನ್ನೆ ಮುಟ್ಟದೆ ಅದರ ಮುಂದೆ ಅಂಗೈಯನ್ನು ಗೋಡೆಯಂತೆ ಹಿಡಿಯುವಳು, ಮತ್ತೆ ಹೇಳುವಳು. "ಗಾಳಿ ಸೋಕಿದ್ರೆ ಬರತ್ತೆ. ಮುಖ ತೊಳೆದ್ರೆ ಬರತ್ತೆ. ಮಾತಾಡಿದ್ರೆ. ಅಗಿದ್ರೆ. ನಕ್ಕರೆ ಬರತ್ತೆ, ಅದಕ್ಕೇ ನಗೋದು ಬಿಟ್ಟೆ. ಕಾದ ತಂತಿ ಚುಚ್ಚಿ ಎಳೆದ ಹಾಗೆ. ಬಂದು ಹೋಗತ್ತೆ. ಇನ್ನೊಂದು ಯಾವಾಗ ಬರತ್ತೋ ಅಂತ ಕಾಯೋದಿದೆಯಲ್ಲ, ಅದು ಹೋಗಲ್ಲ." ಒಂದು ಸಲ ಮಾತಿನ ನಡುವೆಯೇ ನೋವು ಬಂತು. ಡಾಕ್ಟರು ಲೇಖನಿ ಕೆಳಗಿಟ್ಟು ಕಾದರು. ಹೊರಗೆ ಸಾಲಿನಲ್ಲಿದ್ದ ಯಾರೋ ಬಾಗಿಲು ತಟ್ಟಿದಾಗ, "ಇನ್ನೂ ಆಗಿಲ್ಲ," ಎಂದು ಕೂತಲ್ಲಿಂದಲೇ ಹೇಳಿದರು.

ಆಮೇಲೆ ಹತ್ತಿಯ ಎಳೆಯಿಂದ ಕೆನ್ನೆಯ ಅಲ್ಲಲ್ಲಿ ಹಗುರವಾಗಿ ಮುಟ್ಟಿ ನೋಡಿದರು. "ಇದಕ್ಕೆ ಟ್ರೈಜೆಮಿನಲ್ ನ್ಯೂರಾಲ್ಜಿಯ ಅಂತಾರೆ. ಮುಖದ ನರದ ನೋವು. ಮುಟ್ಟಿದ್ದು ಗಾಳಿಯಾದ್ರೂ ಬೆಂಕಿ ಅಂತ ಆ ನರ ಸುದ್ದಿ ಕಳಿಸತ್ತೆ. ಸ್ಕ್ಯಾನ್ ಮಾಡಿಸೋಣ, ನರಕ್ಕೆ ಏನಾದ್ರೂ ಒತ್ತುತ್ತಾ ಇದ್ಯಾ ಅಂತ ತಿಳಿಯತ್ತೆ. ಇವತ್ತಿಂದಲೇ ಮಾತ್ರೆ ಶುರು ಮಾಡಿ. ಮೊದಮೊದಲು ತೂಕಡಿಕೆ ಬರತ್ತೆ, ಹೆದರಬೇಡಿ. ಮಾತ್ರೆ ಸಾಲದಿದ್ರೆ ಬೇರೆ ದಾರಿಗಳೂ ಇವೆ."

"ಹಲ್ಲುಗಳು?" ಎಂದಳು ಸೊಸೆ.

ಡಾಕ್ಟರು ಹಲ್ಲಿನ ಹಳೆಯ ಎಕ್ಸ್-ರೇ ಚಿತ್ರಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿದರು. ಸುಳ್ಳು ಹೇಳುವ ಜನ ಅಲ್ಲ ಅವರು. "ಹುಳುಕಿನ ಗುರುತು ಕಾಣಲ್ಲ. ಚೆನ್ನಾಗೇ ಇದ್ದಹಾಗಿದೆ."

"ಮೂರೂ?"

"ಮೂರೂ."

ಸೊಸೆ ಅಳಲಿಲ್ಲ. ಗಂಡನ ಕಡೆ ನೋಡಿದಳು, ಅಷ್ಟೇ. ಆ ದೊಡ್ಡ ಗಂಡಸು ಕೂತಲ್ಲೇ ಕುಗ್ಗಿಹೋದ.

ಡಾಕ್ಟರು ಸೊಸೆಯ ಕಚೇರಿಗೆ ಪತ್ರ ಬರೆಯುತ್ತಿರುವಾಗ ಅಜ್ಜಿ ಎದ್ದು ನಿಂತಳು. "ಡಾಕ್ಟರಮ್ಮ, ಆ ಕಡತದಲ್ಲಿ ನಂದೊಂದು ಮಾತಿದೆ. ಇವಳದು ಯೋಚನೆಯ ಕಾಯಿಲೆ ಅಂತ. ಅದನ್ನ ಹೊಡೆದುಹಾಕಿ."

"ಬರೆದದ್ದನ್ನ ಅಳಿಸೋಕೆ ಬರಲ್ಲ ಅಜ್ಜಿ."

"ಸುಳ್ಳು ಬರೆದಿದ್ರೂ ಅಳಿಸಲ್ವಾ? ಇದ್ಯಾವ ನ್ಯಾಯ? ನಮ್ಮ ಕಾರ್ಖಾನೆಯಲ್ಲಿ ಕಾಜಾ ಓರೆಯಾದ್ರೆ ಬಿಚ್ಚಿ ಹೊಲಿಸ್ತಿದ್ರು. ನನ್ನನ್ನ ಯಾಕೆ ಕೇಳಿದ್ರು ಅವತ್ತು? ನೋವು ನಂದಾ? ಬಾಯಿ ಇರೋಳು ಪಕ್ಕದಲ್ಲೇ ಕೂತಿದ್ಲು. ಕೇಳಿದ ಅವರಿಗೆ ಬುದ್ಧಿ ಇರಲಿಲ್ಲ, ಹೇಳಿದ ನಂಗೂ ಇರಲಿಲ್ಲ. ಅನುಭವಿಸಿದ್ದು ಇವಳು."

ಡಾಕ್ಟರು ಅವಳನ್ನು ಒಂದು ಗಳಿಗೆ ನೋಡಿದರು. "ಅಳಿಸೋಕಾಗಲ್ಲ, ಸೇರಿಸಬಹುದು. ಹೇಳಿ, ಬರ್ಕೋತೀನಿ."

"ಬರೀರಿ. ಅತ್ತೆ ಹೇಳಿದ್ದು ತಪ್ಪು. ಅತ್ತೆಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋದು ಬಿಟ್ಟು ಮಾತಾಡಿದ್ಲು."

ಬರೆದದ್ದರ ಕೆಳಗೆ ಅಜ್ಜಿ ಸಹಿ ಹಾಕಿದಳು, ಒಂದೊಂದು ಅಕ್ಷರವನ್ನೂ ಹೊಲಿಗೆ ಹಾಕಿದಂತೆ ಕೂರಿಸಿ.

ತಿಂಗಳು ಮುಗಿಯಲು ಮೂರು ದಿನವಿದ್ದಾಗ ಸೊಸೆ ಪತ್ರವನ್ನು ಮೇಲ್ವಿಚಾರಕನ ಮೇಜಿನ ಮೇಲಿಟ್ಟಳು. ಗಂಡ ಜೊತೆಗೆ ಹೋಗಿ ಬಾಗಿಲ ಹೊರಗೆ ನಿಂತಿದ್ದ, ಒಳಗೆ ಬರಲಿಲ್ಲ. ಮೇಲ್ವಿಚಾರಕ ಆ ಉದ್ದನೆಯ ಹೆಸರನ್ನು ತುಟಿಯಲ್ಲೇ ಕೂಡಿಸಿ ಓದಿ, "ಓಹೋ, ನಿಜವಾಗ್ಲೂ ಇದ್ಯಾ? ಮೊದಲೇ ಹೇಳಬಾರದಿತ್ತಾ?" ಎಂದನಂತೆ. ಮೊದಲೇ ಹೇಳಬಾರದಿತ್ತಾ! ಮನೆಯಲ್ಲಿ ಅದನ್ನು ಕೇಳಿ ಮೊಮ್ಮಗಳು ಚಾಕು ಕೆಳಗೆಸೆದು, ಹೆಚ್ಚುತ್ತಿದ್ದ ತರಕಾರಿಯನ್ನು ಅಲ್ಲೇ ಬಿಟ್ಟು ಎದ್ದಳು. "ಹೋಗಿ ಅವನ ಹಲ್ಲು ಮೂರು ಕಿತ್ತು ಬರ್ತೀನಿ, ಆಮೇಲೆ ಹೇಳ್ತಾನೆ ಮೊದಲೇ." ಸೊಸೆಯೇ ಅವಳನ್ನು ಹಿಡಿದು ಕೂರಿಸಬೇಕಾಯಿತು. ಏನೇ ಇರಲಿ, ಮುಂದಿನ ವಾರದಿಂದ ಕಳೆದುಹೋದ ಸಾಮಾನಿನ ಕೋಣೆಯಲ್ಲಿ ಕೆಲಸ ಎಂದು ಆದೇಶ ಬಂತು. ಕೊಡೆ, ಕನ್ನಡಕ, ಒಂಟಿ ಚಪ್ಪಲಿಗಳಿಗೆ ಚೀಟಿ ಅಂಟಿಸುವ ಕೆಲಸ. ಅಲ್ಲಿದ್ದ ಹಳೆಯ ಕಾವಲುಗಾರ ಅವಳು ಬರುವ ಮುಂಚಿನ ದಿನವೇ ಗಾಳಿ ಬೀಸುವ ಕಿಟಕಿಯ ಬಿರುಕಿಗೆ ಕಾಗದ ಅಂಟಿಸಿಟ್ಟಿದ್ದ.

ಮಾತ್ರೆ ಹಿಡಿಯಲು ಎರಡು ವಾರವಾಯಿತು. ನೋವು ಪೂರ್ತಿ ಹೋಗಲಿಲ್ಲ, ಬರುವುದು ವಿರಳವಾಯಿತು. ಸೊಸೆ ಮೆತ್ತಗಿನ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಿಂದಳು, ತೂಕಡಿಸಿದಳು, ಒಂದು ಭಾನುವಾರ ಮಗಳ ಯಾವುದೋ ಮಾತಿಗೆ ನಕ್ಕು, ನಕ್ಕ ಮೇಲೆ ಹೆದರಿ, ಏನೂ ಆಗದ್ದನ್ನು ಕಂಡು ಸುಮ್ಮನೆ ಕೂತಳು.

ಅದೇ ಭಾನುವಾರ ಪಕ್ಕದ ಮನೆಯಾಕೆ ಬಂದಿದ್ದಳು. ಅಜ್ಜಿ ಆಕೆಗೆ ಕಡತದ ಕಥೆ ಹೇಳುತ್ತಿದ್ದಳು. ಆ ಬೀದಿಯಲ್ಲಿ ಈ ಕಥೆ ಹೇಳಿದ್ದು ಅದು ಐದನೆಯ ಸಲವಿರಬೇಕು. ಪ್ರತಿ ಸಲವೂ ಅಜ್ಜಿಯ ದನಿ ಒಂದು ಸುತ್ತು ಏರಿತ್ತು.

"ಅಳಿಸೋಕೆ ಬರಲ್ಲ ಅಂದ್ಲು. ನಾನು ಬಿಡ್ತೀನಾ? ಮೇಜು ಕುಟ್ಟಿ ಹೇಳಿದೆ, ಬರೀರಿ ಅಂತ. ಡಾಕ್ಟರ ಕೈಲೇ ಬರೆಸಿದೆ. ಸಹಿನೂ ಹಾಕಿದೆ. ನಾನಿಲ್ಲದಿದ್ರೆ ಇವಳ ಹಣೆಗೆ ಇನ್ನೂ ಹುಚ್ಚಿಯ ಚೀಟಿ ಅಂಟಿರ್ತಿತ್ತು."

"ಅಬ್ಬಾ, ಗಟ್ಟಿಗಿತ್ತಿ ನೀವು," ಎಂದು ಪಕ್ಕದ ಮನೆಯಾಕೆ ಎದ್ದು ಹೋದಳು.

ಸೊಸೆ ಅಡುಗೆಮನೆಯಿಂದ ಬಂದು ಅಜ್ಜಿಯ ಎದುರಿಗೆ ನಿಂತಳು. ಕೈಯಲ್ಲಿ ಒರೆಸುವ ಬಟ್ಟೆಯಿತ್ತು.

"ಅತ್ತೆ, ಡಾಕ್ಟರಿಗೆ ಹೇಳಿದ್ರಿ. ಕಡತದಲ್ಲಿ ಬರೆಸಿದ್ರಿ. ಬೀದಿಗೆಲ್ಲ ಹೇಳಿ ಆಯ್ತು. ನಂಗೆ ಯಾವಾಗ ಹೇಳ್ತೀರಿ?"

ಅಜ್ಜಿ ಅತ್ತಿತ್ತ ನೋಡಿದಳು. ಕಿಟಕಿಯ ಹತ್ತಿರ ಮಗ ಪತ್ರಿಕೆ ಹಿಡಿದಿದ್ದ, ಪುಟ ತಿರುವುತ್ತಿರಲಿಲ್ಲ. ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. ಇಬ್ಬರೂ ಸಹಾಯಕ್ಕೆ ಬರಲಿಲ್ಲ.

"ಸಹಿ ಹಾಕಿದೀನಲ್ಲೇ," ಎಂದಳು ಕೊನೆಗೆ.

"ಅದು ಆಸ್ಪತ್ರೆಯ ಕಪಾಟಿನಲ್ಲಿದೆ. ನಾನು ಇಲ್ಲಿದೀನಿ."

ಸಿಟ್ಟಿನಿಂದ ಸೊಸೆಯ ದನಿ ನಡುಗಿತು, ಆದರೆ ನಿಲ್ಲಲಿಲ್ಲ. ಅವಳು ಕುರ್ಚಿ ಎಳೆದುಕೊಂಡು ಅಜ್ಜಿಯ ಮೊಣಕಾಲಿಗೆ ತನ್ನ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

ಅಜ್ಜಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ತಪ್ಪಾಯ್ತು ಕಣಮ್ಮ," ಎಂದಳು. ಸಣ್ಣ ದನಿ, ಆ ಮನೆಯಲ್ಲಿ ಯಾರೂ ಕೇಳಿರದ ದನಿ.

ಸೊಸೆ ಹೋಗಲಿ ಬಿಡಿ ಎನ್ನಲಿಲ್ಲ. ಎದ್ದು ಹೋಗಲೂ ಇಲ್ಲ.

"ಇನ್ನೂ ಹೇಳಿ," ಎಂದಳು.

"ಫ್ಯಾನು..." ಎಂದು ಅಜ್ಜಿ ಶುರುಮಾಡಿದಳು. ಫ್ಯಾನಿನದು ಹೇಳಿದಳು. ನಲ್ಲಿಯದು ಹೇಳಿದಳು. ಗಂಜಿ ತಣ್ಣಗಾಗಲಿ ಎಂದು ಕಾಯುತ್ತಿದ್ದವಳನ್ನು ಸೋಮಾರಿ ಎಂದು ನೆಂಟರ ಮುಂದೆ ಅಂದದ್ದು, ಮಾತಾಡದೆ ಕೂತರೆ ಬಿಂಕ ಎಂದದ್ದು, ಎರಡನೇ ಹಲ್ಲು ಕೀಳಿಸಿ ಬಂದ ಸಂಜೆ ಅವಳ ಕೈಯಲ್ಲೇ ಅಡುಗೆ ಮಾಡಿಸಿದ್ದು, ಒಂದೊಂದೇ ನೆನಪು ಮಾಡಿಕೊಂಡು, ನಡುನಡುವೆ ನಿಂತು, ಹೇಳುತ್ತ ಹೋದಳು. ಸೊಸೆ ಅವಳ ಮುಖದಿಂದ ಕಣ್ಣು ತೆಗೆಯದೆ ಕೇಳಿದಳು. ಅಜ್ಜಿ ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಕಾದಳು, ಅವಸರ ಮಾಡಲಿಲ್ಲ. ಒಂದು ಕಡೆ ಅಜ್ಜಿ, "ಅಷ್ಟೇ ಇರಬೇಕು," ಎಂದಳು.

"ಇಲ್ಲ," ಎಂದಳು ಸೊಸೆ. "ಇನ್ನೂ ಇದೆ."

ಅಜ್ಜಿ ತಲೆಯಾಡಿಸಿ ಮುಂದುವರಿಸಿದಳು.